ಆ ಕ್ವೇಸಾರ್ ಅಷ್ಟು ದೂರ ಅಂತ ಗೊತ್ತಾಗಿದ್ದು ಹೇಗೆ?

ಏಪ್ರಿಲ್ ರಾತ್ರಿ ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಕತ್ತಲಲ್ಲಿ 8 ಇಂಚಿನ ದೂರದರ್ಶಕವನ್ನು ಕನ್ಯಾ ರಾಶಿಗೆ ತಿರುಗಿಸಿದರೆ 3ಸಿ 273 ಎಂಬ ಕ್ವೇಸಾರ್ (ದೈತ್ಯ ಕಪ್ಪುಕುಳಿಗೆ ಬೀಳುವ ಅನಿಲದಿಂದ ಬೆಳಗುವ ದೂರದ ಗೆಲಾಕ್ಸಿಯ ಕೇಂದ್ರ) ಸಿಗುತ್ತದೆ. ಕಾಂತಿಮಾನ 12.9, ಮಂಕು ಚುಕ್ಕೆ. ದುರ್ಗದಲ್ಲಿ ಸುಮಾರು 78 ಡಿಗ್ರಿ ಎತ್ತರಕ್ಕೇರುತ್ತದೆ, ಹಾಗಾಗಿ ದಿಗಂತದ ದೂಳಿನ ಕಾಟವಿಲ್ಲ. (ದಾವಣಗೆರೆಯ ಬೀದಿದೀಪಗಳ ನಡುವೆ ಹುಡುಕುವುದು ಬೇಡ.) 240 ಕೋಟಿ ಬೆಳಕಿನ ವರ್ಷ ದೂರ ಎಂದೊಡನೆ ಎಲ್ಲರ ಪ್ರಶ್ನೆ: ಅಳೆದದ್ದು ಹೇಗೆ?

ಅಳೆದಿಲ್ಲ, ಲೆಕ್ಕ ಹಾಕಿದ್ದು. ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ಶೇ 15.8ರಷ್ಟು ಕೆಂಪಿನತ್ತ ಸರಿದಿರುವುದನ್ನು 1963ರಲ್ಲಿ ಮಾರ್ಟೆನ್ ಶ್ಮಿಟ್ ಗುರುತಿಸಿದರು. ಹೀಗೆ ಸರಿದ ಪ್ರಮಾಣವೇ ರೆಡ್‌ಶಿಫ್ಟ್ (ಇಲ್ಲಿ 0.158); ಅದನ್ನು ವಿಶ್ವ ಹಿಗ್ಗುವ ಸೂತ್ರಕ್ಕೆ ಹಾಕಿದರೆ ದೂರ ಬರುತ್ತದೆ. ಆದರೆ ಆ ಸೂತ್ರವನ್ನೇ ಪರೀಕ್ಷಿಸಬೇಕಿದ್ದರೆ ಸೂತ್ರದಿಂದ ಬಂದ ದೂರ ಪ್ರಯೋಜನಕ್ಕಿಲ್ಲ.

ಅದಕ್ಕೆ 2015ರಲ್ಲಿ ಖಗೋಳ ವಿಜ್ಞಾನಿಗಳಾದ ರಿಸಾಲಿಟಿ ಮತ್ತು ಲುಸ್ಸೊ ಹಳೆಯದೊಂದು ಸಂಬಂಧವನ್ನು ಕೈಗೆತ್ತಿಕೊಂಡರು. ಇನ್ನೊಂದಕ್ಕಿಂತ ಒಂದು ಕ್ವೇಸಾರ್ ಸೂಸುವ ಅತಿನೇರಳೆ ಬೆಳಕು (2500 ಆಂಗ್‌ಸ್ಟ್ರಾಮ್) ಹತ್ತು ಪಟ್ಟು ಹೆಚ್ಚಿದ್ದರೆ ಎಕ್ಸ್-ರೇ (2 ಕಿಲೋ ಎಲೆಕ್ಟ್ರಾನ್ ವೋಲ್ಟ್) ನಾಲ್ಕೇ ಪಟ್ಟು ಹೆಚ್ಚಿರುತ್ತದೆ. ಅಂದರೆ ಎಕ್ಸ್-ರೇ ಅತಿನೇರಳೆಯ ಸುಮಾರು 0.6ನೇ ಘಾತದಂತೆ ಏರುತ್ತದೆ (10ರ 0.6ನೇ ಘಾತ ಸುಮಾರು 4). ಇಡೀ ವಿಧಾನ ನಿಂತಿರುವುದೇ ಇದರ ಮೇಲೆ. ದೂರ ಹೋದಂತೆ ಎರಡೂ ಬೆಳಕು ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ. ಘಾತ 1 ಆಗಿದ್ದರೆ ಸಮೀಕರಣದ ಎರಡೂ ಬದಿಯ ದೂರ ಹೊಡೆದುಹೋಗುತ್ತಿತ್ತು. 0.6 ಆದ್ದರಿಂದ ಉಳಿಯುತ್ತದೆ.

ಉಳಿಯುವುದು ಅಲ್ಪ, ಅದೇ ತೊಂದರೆ. ಎಕ್ಸ್-ರೇಯಲ್ಲಿ 0.2 ಡೆಕ್ಸ್ (1 ಡೆಕ್ಸ್ ಎಂದರೆ ಹತ್ತು ಪಟ್ಟು) ಚದುರುವಿಕೆಯನ್ನು 0.8ರಿಂದ (1ರಲ್ಲಿ 0.6 ಕಳೆದುಳಿದ 0.4ರ ಇಮ್ಮಡಿ; ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಮಂಕಾಗುವುದರಿಂದ ಇಮ್ಮಡಿ) ಭಾಗಿಸಿದರೆ ದೂರದಲ್ಲಿ 0.25 ಡೆಕ್ಸ್, ಅಂದರೆ ಸುಮಾರು 1.8 ಪಟ್ಟು ಆಚೀಚೆ. 1ಎ ಮಾದರಿಯ ಒಂದು ಸೂಪರ್‌ನೋವಾ (ನಿಜ ಹೊಳಪು ಹೆಚ್ಚುಕಡಿಮೆ ಗೊತ್ತಿರುವ ನಕ್ಷತ್ರ ಸ್ಫೋಟ) ಕೊಡುವ ನಿಖರತೆಗೆ ಎಪ್ಪತ್ತರಷ್ಟು ಕ್ವೇಸಾರ್ ಸೇರಬೇಕು. ಹಾಗಿದ್ದೂ ಇವನ್ನು ಬಿಡುವುದಿಲ್ಲ, ಏಕೆಂದರೆ ರೆಡ್‌ಶಿಫ್ಟ್ 2 ದಾಟಿದರೆ ಸೂಪರ್‌ನೋವಾಗಳು ಹೆಚ್ಚುಕಡಿಮೆ ಮುಗಿದವು. ಕ್ವೇಸಾರ್‌ಗಳು 7ರಾಚೆಗೂ ಇವೆ.

ಆಯ್ಕೆಯಲ್ಲಿ ಜರಡಿ ಬಿಗಿಯಾಗಿರಬೇಕು. ದೂಳು ಅತಿನೇರಳೆಯನ್ನು ನುಂಗುತ್ತದೆ, ಅನಿಲ ಎಕ್ಸ್-ರೇಯನ್ನು ತಡೆಯುತ್ತದೆ, ರೇಡಿಯೊ ಜೆಟ್ (ಕೇಂದ್ರದಿಂದ ಚಿಮ್ಮುವ, ರೇಡಿಯೊ ಅಲೆ ಸೂಸುವ ಧಾರೆ) ಎಕ್ಸ್-ರೇಯನ್ನು ಉಬ್ಬಿಸುತ್ತದೆ. ಜೆಟ್ ಇರುವ 3ಸಿ 273ಕ್ಕೇ ಈ ಜರಡಿಯಲ್ಲಿ ಜಾಗವಿಲ್ಲ! ಎಕ್ಸ್-ರೇ ದೂರದರ್ಶಕದ ಮಿತಿಯಂಚಿನಲ್ಲಿ ಆ ಕ್ಷಣ ಹೆಚ್ಚು ಹೊಳೆದವು ಮಾತ್ರ ದಾಖಲಾಗುತ್ತವೆ. ಅವನ್ನು ತೆಗೆಯದಿದ್ದರೆ ಎಕ್ಸ್-ರೇ ಇದ್ದದ್ದಕ್ಕಿಂತ ಹೆಚ್ಚೆಂದು ಕಂಡು ದೂರ ಕಡಿಮೆ ಬರುತ್ತದೆ.

ಸಂಬಂಧದ ಸ್ಥಿರಾಂಕ ಕ್ವೇಸಾರ್‌ನಿಂದಲೇ ಸಿಗದು, ರೆಡ್‌ಶಿಫ್ಟ್ 1.4ರ ಒಳಗೆ ಸೂಪರ್‌ನೋವಾಗಳಿಗೆ ಹೊಂದಿಸಬೇಕು. ಅದರಾಚೆ ವಿಶ್ವ ಹಿಗ್ಗುವ ಪ್ರಮಾಣಿತ ಮಾದರಿಗೆ ಹೊಂದದ ದೂರಗಳು ಬಂದಿವೆ ಎಂದು 2019ರಲ್ಲಿ ರಿಸಾಲಿಟಿ ಮತ್ತು ಲುಸ್ಸೊ ಅವರೇ ವರದಿ ಮಾಡಿದರು. ರೆಡ್‌ಶಿಫ್ಟ್ ಜೊತೆ ಸಂಬಂಧವೇ ಬದಲಾಗುತ್ತಿರಬಹುದು ಎಂಬುದು ಸಂಶೋಧಕರಾದ ಖಡ್ಕಾ ಮತ್ತು ರಾತ್ರಾ ಅವರ ಆಕ್ಷೇಪ. ನನಗೆ ಆಕ್ಷೇಪವೇ ಹೆಚ್ಚು ತೂಕದ್ದು ಅನಿಸುತ್ತದೆ.