ಕರುಳು ತೊಳೆಯುವ ಪುಡಿ: ಡಬ್ಬಿಯ ಹಿಂಬದಿ ಓದಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಚಿಕ್ಕಮ್ಮ ಕರುಳು ತೊಳೆಯುವ ಪುಡಿಯೊಂದನ್ನು ಆನ್‌ಲೈನಲ್ಲಿ ತರಿಸಿದ್ದಾರೆ. ಮಿರ್ಚಿ, ಮೈದಾ ಎಲ್ಲ ವರ್ಷಗಟ್ಟಲೆ ಕರುಳಿಗೆ ಅಂಟಿರುತ್ತದೆ ಅನ್ನೋ ಭಯ.

ಡಬ್ಬಿ ತಿರುಗಿಸಿ ಓದಿದೆ. ಸೋನಾಮುಖಿ ಎಲೆ, ಇಸಬ್ಗೋಲ್, ಸೋಂಪು. ಅಷ್ಟೇ. ಸೋನಾಮುಖಿ ಭೇದಿ ಮಾಡಿಸುತ್ತದೆ. ಇಸಬ್ಗೋಲ್ ನೀರು ಹೀರಿ ಲೋಳೆಯಾಗಿ ಉಬ್ಬುತ್ತದೆ. ಬೆಳಿಗ್ಗೆ ಹೊರಬಂದ ಆ ಲೋಳೆಯನ್ನೇ ಚಿಕ್ಕಮ್ಮ ಹಳೇ ಕೊಳೆ ಅಂದುಕೊಂಡಿದ್ದರು. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ತಾನಾಗಿಯೇ ಹೊಸದಾಗುತ್ತದೆ. ವರ್ಷಗಟ್ಟಲೆ ಅಂಟಿ ಕೂರೋದು ಹೇಗೆ?

ಇನ್ನು ಕಂಪನಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆ, ಸರಿ. ಅದು ಆಹಾರ ಮಾರಲು ಕೊಟ್ಟ ಲೈಸೆನ್ಸ್. ಕಾಯಿಲೆ ವಾಸಿಯಾಗುತ್ತದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಆದರೂ ಫೋನಿನಲ್ಲಿ ಸಿಕ್ಕ ಹುಡುಗ, "ಶುಗರ್ ಕೂಡ ಇಳಿಯುತ್ತೆ ಮೇಡಂ, ಮೂರು ತಿಂಗಳ ಕೋರ್ಸ್ ತಗೊಳ್ಳಿ" ಅಂದ. ನನಗೆ ಸಿಟ್ಟು ಬಂದಿದ್ದೇ ಅಲ್ಲಿ. ಚಿಕ್ಕಮ್ಮ ಬಿಪಿಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ ನುಂಗುತ್ತಾರೆ. ಅದರ ಜೊತೆ ತಿಂಗಳುಗಟ್ಟಲೆ ಸೋನಾಮುಖಿ ತಿಂದರೆ ಪೊಟ್ಯಾಸಿಯಂ ಇಳಿದು ಎದೆಬಡಿತವೇ ಏರುಪೇರಾಗಬಹುದು. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಅವನು ಒಂದು ಮಾತೂ ಕೇಳಲಿಲ್ಲ.

ಮಲಬದ್ಧತೆ ಇದ್ದರೆ ಮೆಡಿಕಲ್ ಶಾಪಿನ ಬರೀ ಇಸಬ್ಗೋಲ್ ತಗೊಂಡು ಚೆನ್ನಾಗಿ ನೀರು ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ ಪುಡಿಗಿಡಿ ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ.