ಕೆಂಪು ಎಲ್ಲಿ ಉಂಟು?

ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಅಳೆಯುವುದು ನನ್ನ ಕೆಲಸ. ಯಾರದ್ದಾದರೂ ತಾರಸಿ ಮೇಲೆ ಮೆಷಿನ್ ಇಡುತ್ತೇವೆ. ಅದು ನಿಮಿಷಕ್ಕೆ ಹೆಚ್ಚುಕಡಿಮೆ 1.1 ಘನ ಮೀಟರ್ ಗಾಳಿ ಎಳೆಯುತ್ತದೆ. ಎಂಟು ಗಂಟೆಗೊಮ್ಮೆ ಫಿಲ್ಟರ್ ಬದಲಿಸಿ ತೂಗಬೇಕು. 10 ಮೈಕ್ರಾನ್‌ಗಿಂತ (ಮಿಲಿಮೀಟರಿನ ನೂರರಲ್ಲೊಂದು ಪಾಲು) ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಫಿಲ್ಟರಿನ ಮೇಲೆ ಸುಮಾರು 50 ಮಿಲಿಗ್ರಾಂ. ಎರಡು ಅಕ್ಕಿಕಾಳಿನ ತೂಕ. ನಮ್ಮ ಜಗಳವೆಲ್ಲ ಅಷ್ಟರಲ್ಲೇ.

ಸೇರಿದ ಮೊದಲ ವರ್ಷ, ಮೇ ಕೊನೆ. ಉಪ್ಪಳದ ಹತ್ತಿರ ಕಡಲಿಗೆ ಕೂಗಳತೆಯ ಒಂದು ಮನೆ. ಪೂರ್ವಕ್ಕೆ ಮುರಕಲ್ಲಿನ ಕೋರೆ, ಅದರ ಮೇಲೆ ಊರವರ ದೂರು. ಫಿಲ್ಟರ್ ತಂದವನೇ ಸೀದಾ ತಕ್ಕಡಿಯಲ್ಲಿಟ್ಟೆ. ಏಸಿ ರೂಮಿನಲ್ಲಿ ಅಂಕಿ ನಿಲ್ಲದೆ ಇಳಿಯುತ್ತಲೇ ಇತ್ತು. ಕಾಯಲು ತಾಳ್ಮೆ ಇರಲಿಲ್ಲ, ಮೊದಲು ಕಂಡದ್ದನ್ನೇ ಬರೆದೆ. ಲೆಕ್ಕ ಮಿತಿ ದಾಟಿತು. ಷರಾ ಕಾಲಮ್ಮಿನಲ್ಲಿ ‘ಕೋರೆಯ ಧೂಳು’ ಅಂತ ಗೀಚಿ ಲ್ಯಾಬಿನ ಅಕ್ಕನ ಮುಂದಿಟ್ಟೆ.

ಅಕ್ಕ ವರದಿ ನೋಡಲಿಲ್ಲ, ಫಿಲ್ಟರ್ ಎತ್ತಿ ಬೆಳಕಿಗೆ ಹಿಡಿದರು. “ಕೋರೆಯದ್ದಾದರೆ ಕೆಂಪು ಎಲ್ಲಿ ಉಂಟು ಮಾರಾಯ?”

ಹೌದಲ್ವಾ! ಮುರಕಲ್ಲಿನ ಧೂಳು ಕೆಂಪು, ಹಾಳೆ ಬರೀ ಮಾಸಲು ಬಿಳಿ. ಗಾಳಿಯೂ ದಿನವಿಡೀ ಪಡುವಣದ್ದು, ಕೋರೆಯ ಧೂಳು ನಮ್ಮ ಕಡೆ ಬರುವುದಾದರೂ ಹೇಗೆ?

ಅದು ಉಪ್ಪು. ತೆರೆ ಒಡೆದಾಗ ನೊರೆಯ ಗುಳ್ಳೆಗಳು ಟಪ್ ಅಂತ ಸಿಡಿಯುತ್ತವೆ. ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ, ನೀರು ಆರಿ ಉಪ್ಪಿನ ಕಣ ಉಳಿಯುತ್ತದೆ. ನಮ್ಮ ಕರಾವಳಿಯ ಕಿಟಕಿ ಸರಳು ತಿನ್ನುವುದೂ ಇದೇ. ಅಡುಗೆಮನೆಯ ಉಪ್ಪು ಮಳೆಗಾಲದಲ್ಲಿ ಬೆವರುವಂತೆ ಈ ಕಣವೂ ನೀರು ಕುಡಿಯುತ್ತದೆ. ನಾನು ತೂಗಿದ್ದರಲ್ಲಿ ಆ ನೀರೂ ಸೇರಿತ್ತು. ಅಕ್ಕ ಫಿಲ್ಟರನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಜಿನ ಡಬ್ಬಿಯಲ್ಲಿ 24 ಗಂಟೆ ಇಟ್ಟು ಮತ್ತೆ ತೂಗಿಸಿದರು. ಮಿತಿಯೊಳಗೆ ಬಂತು. ಷರಾ ನಾನೇ ಹೊಡೆದುಹಾಕಿದೆ, ಅಕ್ಕ ಏನೂ ಹೇಳಲಿಲ್ಲ.

ಇಡೀ ಭೂಮಿಯ ಲೆಕ್ಕದಲ್ಲಿ ಗಾಳಿಗೇರುವ ಕಣಗಳ ತೂಕದಲ್ಲಿ ಕಡಲುಪ್ಪು ಮತ್ತು ಮರುಭೂಮಿಯ ಧೂಳೇ ಜಾಸ್ತಿ. ಅರಬ್ಬೀ ಕಡಲು ದಾಟಿ ಆ ಧೂಳು ನಮ್ಮ ಕಡೆಗೂ ಬರುವುದುಂಟು. ಗಲ್ಫಿನಿಂದ ಬರೀ ಡ್ರಾಫ್ಟು, ಅತ್ತರು ಬರುವುದಲ್ಲ! ಆದರೆ ದೊಡ್ಡ ಕಣಗಳು ಬೇಗ ಕೆಳಗಿಳಿಯುತ್ತವೆ. ಲಾರಿಯ ಹೊಗೆ, ಕಸ ಸುಟ್ಟ ಮಸಿ ಒಂದು ಮೈಕ್ರಾನ್‌ಗಿಂತಲೂ ಸಣ್ಣದು. ಮಳೆ ಬಾರದಿದ್ದರೆ ವಾರಗಟ್ಟಲೆ ತೇಲುತ್ತದೆ, ಶ್ವಾಸಕೋಶದ ಆಳಕ್ಕೂ ಇಳಿಯುತ್ತದೆ. ತೂಕದಲ್ಲಿ ಎಷ್ಟು ಕಡಿಮೆಯೋ ಕಿರಿಕಿರಿಯಲ್ಲಿ ಅಷ್ಟು ಜಾಸ್ತಿ.

ಅದೂ ಒಮ್ಮೆ ಸಿಕ್ಕಿತು. ಬದಿಯಡ್ಕದ ಆಚೆ, ಡಿಸೆಂಬರ್. ರಾತ್ರಿಯ ಫಿಲ್ಟರ್ ಕಪ್ಪಗೆ, ಕಾವಲಿಯ ತಳದ ಹಾಗೆ. ರಸ್ತೆಯ ಲಾರಿ ಅನ್ನಲು ಬಾಯಿ ತೆರೆದವನು ಸುಮ್ನಾದೆ. ಹಿಂದಿನ ತೋಟಕ್ಕೆ ನಡೆದು ನೋಡಿದೆ. ಅಲ್ಲಿನ ಮಾವ ತರಗೆಲೆ, ಮಣ್ಣು ರಾಶಿ ಹಾಕಿ ಸುಟ್ಟು ಗೊಬ್ಬರಕ್ಕೆ ಸುಡುಮಣ್ಣು ಮಾಡುತ್ತಿದ್ದರು. ರಾತ್ರಿಯ ತಣ್ಣನೆಯ ಗಾಳಿಯಲ್ಲಿ ಹೊಗೆ ಮೇಲೇಳದೆ ಅಡಿಕೆ ಮರಗಳ ನಡುವೆಯೇ ಮಲಗಿತ್ತು.

“ನಿನ್ನ ಮೆಷಿನ್ ಇದ್ದ ದಿನ ಬೆಂಕಿ ಹಾಕಬಾರದೋ?” ಅಂತ ಕೇಳಿದರು.

“ಹಾಕಿ ಮಾವ. ಎಷ್ಟು ಗಂಟೆಗೆ ಹಾಕಿದಿರಿ ಅಂತ ಹೇಳಿದರೆ ಸಾಕು,” ಅಂದು ಪುಸ್ತಕ ತೆಗೆದೆ.