ಸತ್ತದ್ದು ಮೊದಲ ಫೋಟೊಗೆ, ಕಾಯಿಲೆ ಇದ್ದದ್ದು ಸ್ಟಾರ್ಟಪ್ ಲಾಗ್‌ನಲ್ಲಿ

ಪೈಥಾನ್‌ನಲ್ಲಿ ಅಂಕಿಗಳ ಸಾಲುಗಳ (ಅರೇ) ಲೆಕ್ಕಕ್ಕೆ ಬಳಸುವ ಲೈಬ್ರರಿ ನಂಪೈ; ಅದರ 2.0 ಆವೃತ್ತಿ ಬಿಡುಗಡೆಯಾದದ್ದು 2024ರ ಜೂನ್ 16ರಂದು. ಅದಕ್ಕೆ ಹೋಗೋಣ ಅಂತ ನಮ್ಮ ಟೀಮಿನಲ್ಲಿ ಯಾರೂ ತೀರ್ಮಾನ ಮಾಡಿರಲಿಲ್ಲ. ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಎಂದು ಬರೆಯುವ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ '1.21 ಅಥವಾ ಅದಕ್ಕಿಂತ ಹೊಸದು' ಎಂದಿತ್ತು, ಎಲ್ಲಿಯವರೆಗೆ ಅಂತ ಇರಲಿಲ್ಲ. ಬೇರೇನಕ್ಕೋ ಡಾಕರ್ ಇಮೇಜ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಕಟ್ಟು) ಮತ್ತೆ ಬಿಲ್ಡ್ ಆದಾಗ, ಲೈಬ್ರರಿ ಇಳಿಸಿಕೊಡುವ ಪಿಪ್ ಕರೆಯದ ನೆಂಟನನ್ನು ಒಳಗೆ ಕರೆದು ಕೂರಿಸಿತು.

ಪ್ಯಾಕೆಟ್‌ಗಳ ಲೇಬಲ್ ಫೋಟೊ ನೋಡಿ ಸರಿಯಿದೆಯೋ ಇಲ್ಲವೋ ಹೇಳುವ ಸರ್ವಿಸ್ ನಮ್ಮದು. ಸ್ಟಾರ್ಟ್ ಆಗುತ್ತಿತ್ತು, ಹೆಲ್ತ್ ಚೆಕ್ ಹಸಿರು. ಮೊದಲ ಫೋಟೊ ಬಂದ ಕೂಡಲೇ ಆ ಇಮೇಜ್‌ನಿಂದ ಓಡುವ ಕಂಟೇನರ್ ಸಾಯುತ್ತಿತ್ತು. ಎಲ್ಲಿ ತಪ್ಪಿತು ಎಂದು ಹೇಳುವ ಪೈಥಾನ್ ಟ್ರೇಸ್‌ಬ್ಯಾಕ್ ಒಂದು ಸಾಲೂ ಇಲ್ಲ.

"ಸರ್, ನಾವು ಕೋಡ್ ಮುಟ್ಟೇ ಇಲ್ಲ. ಒಂದು ಲಾಗ್ ಮೆಸೇಜ್ ಬದಲಾಯಿಸಿದ್ದು ಅಷ್ಟೆ" ಅಂದ ನಮ್ಮ ಟೀಮಿನ ಹುಡುಗ. ನಿಜವೇ ಹೇಳುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬರು ಮೆಮೊರಿ ಸಾಲದೆ ಇರಬಹುದು ಅಂತ ಲಿಮಿಟ್ ಹೆಚ್ಚಿಸಲು ಹೊರಟಿದ್ದರು. ಪ್ರೋಗ್ರಾಂ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್ ನೋಡಿದ್ದರೆ ಆ ಕೆಲಸ ಉಳಿಯುತ್ತಿತ್ತು. ಮೆಮೊರಿ ಮೀರಿ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಕೊಂದರೆ ಸಾಮಾನ್ಯವಾಗಿ 137 ಬರುತ್ತದೆ: 128ಕ್ಕೆ ಸಿಗ್ನಲ್ 9 ಸೇರಿಸಿ. ನಮಗೆ ಬಂದದ್ದು 139, ಅಂದರೆ ಸಿಗ್ನಲ್ 11, ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು). ಹಾಗಾದರೆ ಹುಡುಕಬೇಕಾದದ್ದು ಸಿ ಅಥವಾ ಸಿ++ನಲ್ಲಿ ಬರೆದ ಭಾಗದಲ್ಲಿ.

ಫಾಲ್ಟ್‌ಹ್ಯಾಂಡ್ಲರ್ ಆನ್ ಮಾಡಿ ಓಡಿಸಿದೆವು. ಪೈಥಾನ್ 3.3ರಿಂದಲೂ ಭಾಷೆಯ ಜೊತೆಗೇ ಬರುವ ಸೌಲಭ್ಯ, ಬಳಸುವವರು ಕಡಿಮೆ. ಸಾಯುವ ಕ್ಷಣದಲ್ಲಿ ಪೈಥಾನ್ ಕೋಡ್ ಯಾವ ಸಾಲಿನಲ್ಲಿತ್ತು ಎಂದು ಅದು ತೋರಿಸಿತು: ನಾವೇ ಬರೆದ ಸಿ++ ಮಾಡ್ಯೂಲ್‌ನ ಅಂಚು ಪತ್ತೆ ಫಂಕ್ಷನ್ ಕರೆಯುವ ಸಾಲು. ಆ ಮಾಡ್ಯೂಲನ್ನು ಬಹಳ ಕಾಲದಿಂದ ಯಾರೂ ತೆರೆದೇ ಇರಲಿಲ್ಲ. ಹಳೆಯ ಇಮೇಜ್, ಹೊಸ ಇಮೇಜ್ ಎರಡರಲ್ಲೂ ಒಳಗಿರುವ ಲೈಬ್ರರಿಗಳ ಪಟ್ಟಿ ಕೊಡುವ ಪಿಪ್ ಫ್ರೀಝ್ ಓಡಿಸಿ, ಎರಡು ಪಟ್ಟಿಗಳ ಡಿಫ್ ಹಾಕಿದಾಗ ಬದಲಾದ ಸಾಲುಗಳಲ್ಲಿ ನಂಪೈ ಎದ್ದು ಕಂಡಿತು. 1.26.4 ಇದ್ದದ್ದು 2.0.0 ಆಗಿದೆ.

ಆಮೇಲೆ ಲಾಗನ್ನು ಮೇಲಿನಿಂದ ಓದಿದೆವು. ಎಲ್ಲವೂ ಅಲ್ಲೇ ಇತ್ತು: ನಂಪೈ 1.x ಇಟ್ಟುಕೊಂಡು ಕಂಪೈಲ್ ಮಾಡಿದ ಮಾಡ್ಯೂಲ್ 2.0.0ರಲ್ಲಿ ಓಡದು, ಕ್ರ್ಯಾಶ್ ಆಗಬಹುದು ಎಂಬ ಎಚ್ಚರಿಕೆ. ನಮ್ಮ ಲಾಗ್ ಡ್ಯಾಶ್‌ಬೋರ್ಡ್ ಕೊನೆಯ ಸಾಲುಗಳನ್ನಷ್ಟೇ ತೋರಿಸುತ್ತದೆ. ಎಚ್ಚರಿಕೆ ಬಂದದ್ದು ಸ್ಟಾರ್ಟ್ ಆಗುವಾಗ.

ಎಚ್ಚರಿಕೆ ಕೊಟ್ಟ ಮೇಲೂ ಅಲ್ಲೇ ಯಾಕೆ ನಿಲ್ಲಲಿಲ್ಲ? ಸಿ ಕಡೆಯಿಂದ ನಂಪೈ ಬಳಸುವ ಮಾಡ್ಯೂಲ್ ಮೊದಲು ಅದರ ಫಂಕ್ಷನ್ ಪಾಯಿಂಟರ್‌ಗಳ (ಫಂಕ್ಷನ್‌ಗಳ ವಿಳಾಸಗಳ) ಪಟ್ಟಿಯನ್ನು ಪಡೆದುಕೊಳ್ಳಬೇಕು. 2.0ರಲ್ಲಿ ಎಬಿಐ (ಕಂಪೈಲ್ ಆದ ಕೋಡ್‌ಗಳು ಒಂದನ್ನೊಂದು ಬಳಸುವ ಒಪ್ಪಂದ) ಬದಲಾದ್ದರಿಂದ ಹಳೆಯ ಬೈನರಿಗೆ ಆ ಪಟ್ಟಿ ಸಿಗುವುದಿಲ್ಲ, ಎರರ್ ಕೋಡ್ ಬರುತ್ತದೆ. ನಮ್ಮ ಮಾಡ್ಯೂಲ್ ಆ ಕೋಡನ್ನು ನೋಡದೆ ಮುಂದೆ ಹೋಗುತ್ತಿತ್ತು. ಪಾಯಿಂಟರ್ ನಲ್ (ಖಾಲಿ) ಆಗಿಯೇ ಉಳಿದು, ಫೋಟೊ ಬಂದು ಅರೇ ಮುಟ್ಟಿದಾಗ ಬಿತ್ತು. ಪೈಥಾನ್‌ನಂಥ ಕೋಡನ್ನು ಸಿಗೆ ಬದಲಾಯಿಸುವ ಸೈಥಾನ್‌ನಲ್ಲಿ ಬರೆದಿದ್ದರೆ ಇಷ್ಟು ಸತಾಯಿಸುತ್ತಿರಲಿಲ್ಲ. ಅದು ಇಂಪೋರ್ಟ್ ಆಗುವಾಗಲೇ ಡಿಟೈಪ್‌ನ (ಅರೇಯಲ್ಲಿರುವ ಅಂಕಿಗಳ ಟೈಪ್ ಹೇಳುವ ರಚನೆಯ) ಗಾತ್ರ 96 ಬೈಟ್ ಇರಬೇಕಿತ್ತು, 88 ಇದೆ ಎಂದು ಹೇಳಿ ನಿಂತುಬಿಡುತ್ತದೆ. ನನಗಂತೂ ಅಂಥ ಒರಟುತನವೇ ಇಷ್ಟ.

ತಕ್ಷಣಕ್ಕೆ ನಂಪೈ 2ಕ್ಕಿಂತ ಕೆಳಗೆ ಎಂದು ಪಿನ್ ಮಾಡಿ ಸರ್ವಿಸ್ ಎಬ್ಬಿಸಿದೆವು. ಆಮೇಲೆ ಮಾಡ್ಯೂಲನ್ನು 2.0ರ ಹೆಡರ್ ಬಳಸಿ ಕಂಪೈಲ್ ಮಾಡಿದೆವು. ಹಾಗೆ ಮಾಡಿದ ಬೈನರಿ 1.xನಲ್ಲೂ ಓಡುತ್ತದೆ, ಆದ್ದರಿಂದ ಎರಡು ಬಿಲ್ಡ್ ಸಾಕಬೇಕಿಲ್ಲ. ಎರರ್ ಕೋಡ್ ಬಂದರೆ ಸ್ಟಾರ್ಟ್ ಆಗುವಾಗಲೇ ಸಾಯುವಂತೆಯೂ ಬದಲಾಯಿಸಿದೆವು. ನಂಪೈ 2.0ರಲ್ಲಿ ತೆಗೆದುಹಾಕಿದ ಹೆಸರುಗಳನ್ನು, ಕೋಡ್ ಓಡಿಸದೆಯೇ ತಪ್ಪು ಹುಡುಕುವ ರಫ್ ಲಿಂಟರ್‌ನ ಎನ್‌ಪಿವೈ201 ನಿಯಮ ಹುಡುಕಿಕೊಟ್ಟಿತು.

ಲಿಂಟರ್‌ಗೆ ಸಿಗದ್ದು ಒಂದಿತ್ತು. 2.0ರಲ್ಲಿ ಟೈಪ್ ಬೆರೆಸುವ ನಿಯಮವೇ ಬೇರೆ. ಒಂದು ಪಿಕ್ಸೆಲ್ ತೆಗೆದು ಅದಕ್ಕೆ ಬೆಳಕಿನ ಹೊಂದಾಣಿಕೆ ಕೂಡಿಸುವ ಕೋಡ್ ನಮ್ಮಲ್ಲಿದೆ. ಯುಇಂಟ್8 ಟೈಪಿನ (0ರಿಂದ 255ರವರೆಗಷ್ಟೇ ಹಿಡಿಯುತ್ತದೆ) 200ಕ್ಕೆ 100 ಕೂಡಿಸಿದರೆ ಮೊದಲು 300 ಬರುತ್ತಿತ್ತು, ಈಗ ಯುಇಂಟ್8 ಆಗಿಯೇ ಉಳಿದು 44 ಬರುತ್ತದೆ. ಓವರ್‌ಫ್ಲೋ ವಾರ್ನಿಂಗ್ ಬರುತ್ತದೆ, ಪ್ರೋಗ್ರಾಂ ನಿಲ್ಲುವುದಿಲ್ಲ. ಇದು ಸಿಕ್ಕಿದ್ದು ಹಳೆಯ ಫೋಟೊಗಳನ್ನು ಎರಡೂ ಆವೃತ್ತಿಗಳಲ್ಲಿ ಓಡಿಸಿ ಉತ್ತರ ಹೋಲಿಸಿದಾಗ. ಈಗ ಟೆಸ್ಟ್‌ಗಳಲ್ಲಿ ಆ ವಾರ್ನಿಂಗನ್ನು ಎರರ್ ಎಂದೇ ಎಣಿಸುತ್ತೇವೆ.